ಗುಲಾಮ ಹೆಂಗಸೊಬ್ಬಳ ಮಕ್ಕಳಿಗೆ ಜೆಫರ್ಸನ್ ತಂದೆಯೇ ಎಂದು ಡಿಎನ್‌ಎ ಹೋಲಿಸಿ ನೋಡಿದರು. ಆದರೆ ಹೆಂಡತಿಯಲ್ಲಿ ಅವರಿಗೆ ಗಂಡು ಸಂತಾನವೇ ಉಳಿಯಲಿಲ್ಲ, ಮತ್ತೆ ಹೋಲಿಸಿದ್ದು ಹೇಗೆ?

ಅವರ ದೊಡ್ಡಪ್ಪನ ವಂಶದಿಂದ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್‌ಗೆ ಹೆಂಡತಿಯಲ್ಲಿ ಹುಟ್ಟಿದ ಒಬ್ಬನೇ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡ. ಆದರೆ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ ಅವರ ಗಂಡು ಸಾಲು ಮುಂದುವರಿದಿತ್ತು.

ಇದು ಸಾಧ್ಯವಾಗಿದ್ದು ಗಂಡಸರಲ್ಲಿರುವ ವೈ ಕ್ರೋಮೋಸೋಮ್ ಎಂಬ ಡಿಎನ್‌ಎ ಎಳೆಯಿಂದ. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ಹೆಚ್ಚುಕಮ್ಮಿ ಬದಲಾಗದೆ. ಹಾಗಾಗಿ ಒಬ್ಬ ತಾತನ ಗಂಡು ಸಾಲಿನ ಮೊಮ್ಮಕ್ಕಳಲ್ಲೆಲ್ಲ ಒಂದೇ ಗುರುತು ಇರುತ್ತದೆ. ಮನೆತನದ ಹೆಸರು ಬಂದ ಹಾಗೆ ಅಂದುಕೊಳ್ಳಿ.

ಜೆಫರ್ಸನ್ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಮಕ್ಕಳ ತಂದೆ ಯಾರು ಅನ್ನೋದು ಹಳೆಯ ಜಗಳ. ಜೆಫರ್ಸನ್ ಅವರ ಮೊಮ್ಮಕ್ಕಳು ಬೆರಳು ತೋರಿಸಿದ್ದು ಕಾರ್ ಮನೆತನದ ಅಣ್ಣತಮ್ಮಂದಿರ ಕಡೆಗೆ. ಇವರು ಜೆಫರ್ಸನ್ ತಂಗಿಯ ಮಕ್ಕಳು, ಅಂದರೆ ಇವರ ವೈ ಬೇರೆ ಮನೆತನದ್ದು. 1998ರಲ್ಲಿ ಪರೀಕ್ಷೆ ಮಾಡಿದಾಗ ಸ್ಯಾಲಿಯ ಕೊನೆಯ ಮಗ ಎಸ್ಟನ್‌ನ ವಂಶಸ್ಥನ ವೈ ಜೆಫರ್ಸನ್ ಮನೆತನದ್ದಕ್ಕೆ ಹೊಂದಿತು, ಕಾರ್ ಮನೆತನದ್ದಕ್ಕೆ ಹೊಂದಲಿಲ್ಲ. ಅದೂ ಬಹಳ ಅಪರೂಪದ ಬಗೆಯ ವೈ, ಸುಮ್ನೆ ಕಾಕತಾಳೀಯ ಅನ್ನೋದು ಕಷ್ಟ.

ಆದರೆ ಥಾಮಸ್‌ನ ತಮ್ಮ ರಾಂಡಾಲ್ಫ್‌ಗೂ ಅದೇ ವೈ ಇತ್ತು, ಅಲ್ವಾ? ಹೌದು, ಡಿಎನ್‌ಎ ಮನೆತನವನ್ನು ತೋರಿಸುತ್ತದೆ, ವ್ಯಕ್ತಿಯನ್ನಲ್ಲ. ಅಲ್ಲಿಂದ ಮುಂದೆ ಹಳೆಯ ಕಾಗದಪತ್ರಗಳೇ ಗತಿ. ಸ್ಯಾಲಿ ಗರ್ಭ ಧರಿಸಿದ ಪ್ರತಿ ಸಲವೂ ಥಾಮಸ್ ಮಾಂಟಿಚೆಲ್ಲೋ ಮನೆಯಲ್ಲೇ ಇದ್ದರು ಎಂದು ಅವರ ಓಡಾಟದ ದಾಖಲೆಗಳು ಹೇಳುತ್ತವೆ. ಈಗ ಹೆಚ್ಚಿನ ಇತಿಹಾಸಕಾರರು ಅವರನ್ನೇ ತಂದೆ ಎಂದು ಒಪ್ಪುತ್ತಾರೆ.