ಚೀನಾದ ಕುದುರೆ ರೇಸಿನಲ್ಲಿ ವಿದೇಶಿ ಮಹಿಳಾ ಜಾಕಿಯ ಬದುಕು ಹೇಗಿರುತ್ತದೆ?

ಅದು ಎಲ್ಲಿ ಸವಾರಿ ಮಾಡುತ್ತಾರೆ ಅನ್ನೋದರ ಮೇಲಿದೆ. ಚೀನಾದ ಮುಖ್ಯ ಭೂಭಾಗದಲ್ಲಿ 1949ರಿಂದ ರೇಸಿನ ಮೇಲೆ ಬಾಜಿ ಕಟ್ಟುವುದು ನಿಷಿದ್ಧ. ವುಹಾನ್‌ನಂಥ ಕಡೆ ರೇಸ್ ನಡೆದರೂ ಬಾಜಿಯಿಂದ ಬರುವ ದುಡ್ಡಿಲ್ಲ. ಹಾಗಾಗಿ ಜಾಕಿಯ ಸಂಪಾದನೆ ಪ್ರಾಯೋಜಕರು, ಕುದುರೆ ಮಾಲೀಕರ ಕೈಯಲ್ಲೇ ಜಾಸ್ತಿ.

ಹಾಂಗ್‌ಕಾಂಗ್‌ನ ಕಥೆಯೇ ಬೇರೆ. 1884ರಲ್ಲಿ ಶುರುವಾದ ಜಾಕಿ ಕ್ಲಬ್ಬಿನದೇ ಅಲ್ಲಿ ಕಾರುಬಾರು. ಲೈಸೆನ್ಸ್ ಕೊಡುವುದೂ ಅದೇ. ಬೆಳಕು ಹರಿಯುವ ಮೊದಲೇ ಕುದುರೆಗಳ ತಾಲೀಮು. ಅಲ್ಲಿ ಎರಡು ರೇಸ್‌ಕೋರ್ಸ್: ಬುಧವಾರ ಸಾಮಾನ್ಯವಾಗಿ ಹ್ಯಾಪಿ ವ್ಯಾಲಿಯಲ್ಲಿ ರಾತ್ರಿ ರೇಸ್, ವಾರಾಂತ್ಯದಲ್ಲಿ ಶಾ ಟಿನ್‌ನಲ್ಲಿ. ಹ್ಯಾಪಿ ವ್ಯಾಲಿ ಟ್ರ್ಯಾಕ್ ಸುತ್ತ ಎತ್ತರದ ಕಟ್ಟಡಗಳು, ಬಿಗಿ ತಿರುವುಗಳು. ಕೊನೆಯ ನೇರ ದಾರಿ 310 ಮೀಟರ್ ಆಸುಪಾಸು ಅಷ್ಟೇ. ತಿರುವಿನಲ್ಲಿ ಹಿಂದೆ ಸಿಕ್ಕಿಕೊಂಡರೆ ಮುಂದೆ ಬರುವುದು ತುಂಬಾ ಕಷ್ಟ. ಇದಕ್ಕೆ ತೋಳ್ಬಲಕ್ಕಿಂತ ಲೆಕ್ಕಾಚಾರ ಬೇಕು, ಅಲ್ವಾ?

2020ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹಾಲಿ ಡಾಯ್ಲ್ ಇದೇ ಟ್ರ್ಯಾಕ್‌ನಲ್ಲಿ ಅಂತರರಾಷ್ಟ್ರೀಯ ಜಾಕಿಗಳ ಸ್ಪರ್ಧೆಯ ಒಂದು ರೇಸ್ ಗೆದ್ದರು. ಆ ಸ್ಪರ್ಧೆಯಲ್ಲಿ ಹೆಣ್ಣೊಬ್ಬಳು ರೇಸ್ ಗೆದ್ದದ್ದು ಅದೇ ಮೊದಲು. ಕೊರೊನಾ ಕಾಲ ಬೇರೆ, ಹೋಟೆಲ್ ಕೋಣೆ ಬಿಟ್ಟರೆ ಟ್ರ್ಯಾಕ್. ಅಂಥ ಒಂಟಿತನದ ನಡುವೆ ಬಂದ ಆ ಗೆಲುವು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಇನ್ನು ತೂಕದ ಚಿಂತೆ. ರೇಸಿಗೆ ಮುಂಚೆ ಜೀನು ಹಿಡಿದುಕೊಂಡೇ ತಕ್ಕಡಿ ಹತ್ತಬೇಕು. ಕೆಲವು ಕುದುರೆಗಳು ಹೊರಬೇಕಾದದ್ದು ಜಾಕಿ, ಜೀನು ಎರಡೂ ಸೇರಿ 115 ಪೌಂಡ್, ಅಂದರೆ ಸುಮಾರು 52 ಕೆಜಿಯಷ್ಟೇ. ಹಗುರ ಮೈಯ ಹೆಣ್ಣುಮಕ್ಕಳಿಗೆ ಇಂಥ ಕುದುರೆಗಳ ಮೇಲೆ ಅವಕಾಶ ಸಿಗಬಹುದು.