ಮೋಟಾರ್ ಗೊತ್ತು, ಉದ್ರಿ ಗೊತ್ತಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 35 ವರ್ಷ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಗಿಣಿಗೇರಾ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಕೆಲಸಕ್ಕೆ ಸೇರಿ 11 ವರ್ಷವಾಯಿತು. ಕಂಪನಿ ರೋಲ್‌ನಲ್ಲೇ ಇದ್ದೇನೆ, ಪಿಎಫ್ ಇದೆ. ಆದರೆ ವಾರಕ್ಕೊಂದು ಶಿಫ್ಟ್ ತಿರುಗಿ ತಿರುಗಿ ಸಾಕಾಗಿದೆ. ಸಿ ಶಿಫ್ಟ್ ಮುಗಿಸಿ ಮನೆಗೆ ಬಂದರೆ ಮಗಳು ಶಾಲೆಗೆ ಹೊರಟಿರ್ತಾಳೆ, ಅವಳು ವಾಪಸ್ ಬರುವಾಗ ನಾನು ಮಲಗಿರ್ತೇನೆ. ನಮ್ಮೂರು ಗಂಗಾವತಿ ಹತ್ತಿರ. ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಹಾಕುವ ಆಸೆ ಇದೆ. ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ರಾಜೀನಾಮೆ ಕೊಟ್ಟುಬಿಡಲಾ?
– ಕೊಪ್ಪಳ ಜಿಲ್ಲೆಯ ಓದುಗರು

ಉತ್ತರ: ತಮ್ಮಾ, ಈಗಲೇ ಕೊಡಬೇಡಿ. ಅಂಗಡಿ ಬೇಡ ಅಂತ ನಾನು ಹೇಳ್ತಿಲ್ಲ.

ನಿಮ್ಮ ಪತ್ರ ಎರಡು ಸಲ ಓದಿದೆ. ಕೆಲಸ ಬೇಜಾರಾಗಿದೆ ಅಂತ ಒಂದು ಕಡೆಯೂ ಬರೆದಿಲ್ಲ. ಬೇಡವಾಗಿರೋದು ರಾತ್ರಿ ಪಾಳಿ, ಬೇಕಾಗಿರೋದು ಮಗಳ ಜೊತೆ ನಾಲ್ಕು ಮಾತು. ಹಾಗಿದ್ದರೆ ಮೊದಲು ಮೇಲಿನವರ ಹತ್ತಿರ ಹೋಗಿ ಜನರಲ್ ಶಿಫ್ಟ್ ಕೇಳಿ. 11 ವರ್ಷ ದುಡಿದವರು, ಕೇಳೋಕೆ ಸಂಕೋಚ ಯಾಕೆ? ಸಿಕ್ಕರೆ ಅಂಗಡಿ ವಿಚಾರವನ್ನು ನಿದ್ದೆಗಣ್ಣಲ್ಲಿ ಅಲ್ಲ, ಸಮಾಧಾನವಾಗಿ ಕೂತು ಯೋಚಿಸಬಹುದು.

ಇನ್ನು ಅಂಗಡಿ. ನನ್ನ ಸೋದರಮಾವ ಕಾರಟಗಿಯಲ್ಲಿ ತುಂಬಾ ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು. ಅವರ ಗಲ್ಲೆಯ ಪಕ್ಕ ಕೆಂಪು ರಟ್ಟಿನ ಉದ್ದ ನೋಟ್‌ಬುಕ್ ಇರುತ್ತಿತ್ತು, ಅಂಚಿಗೆಲ್ಲಾ ಗ್ರೀಸಿನ ಹೆಬ್ಬೆಟ್ಟು. ಅದರಲ್ಲಿ ಹೆಸರಿಗಿಂತ ಗುರುತೇ ಜಾಸ್ತಿ. 'ಹಳ್ಳದ ದಂಡಿ ಮನೆ, 5 ಎಚ್‌ಪಿ, ಸುಗ್ಗಿಗೆ.' 'ಕ್ಯಾಂಪ್ ಗುಡಿ ಹಿಂದೆ, 7.5 ಎಚ್‌ಪಿ, ಅರ್ಧ ಬಂತು.' ನಮ್ಮ ಭತ್ತದ ಸೀಮೆಯಲ್ಲಿ ವ್ಯಾಪಾರ ಅಂದ್ರೆ ಹೀಗೇ. ಮೋಟಾರ್ ಸುಡೋದು ಪೈರು ಗದ್ದೆಯಲ್ಲಿರುವಾಗ, ದುಡ್ಡು ಬರೋದು ಭತ್ತ ಮಾರಿದ ಮೇಲೆ. ಆದರೆ ತಾಮ್ರದ ತಂತಿಯನ್ನು ನೀವು ತೂಕಕ್ಕೆ, ನಗದು ಕೊಟ್ಟೇ ತರಬೇಕು. ರೈತರು ಮೋಸ ಮಾಡ್ತಾರೆ ಅಂತಲ್ಲ, ಮಾವನಿಗೆ ಹೆಚ್ಚಿನವರು ತಂದುಕೊಟ್ಟಿದ್ದಾರೆ. ಕೊಡೋವರೆಗೆ ಮನೆ ನಡೆಯಬೇಕಲ್ಲ? ಅದರಲ್ಲೂ ಎರಡನೇ ಬೆಳೆ ಡ್ಯಾಮಿನ ನೀರಿನ ಮೇಲೆ ನಿಂತಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಭಾಗ ಹೇಗೆ ಕಂಗಾಲಾಗಿತ್ತು ಅಂತ ನೀವೇ ನೋಡಿದ್ದೀರಿ. ನೀರಿಲ್ಲ ಅಂದರೆ ಬೆಳೆ ಇಲ್ಲ, ಬೆಳೆ ಇಲ್ಲ ಅಂದರೆ ಆ ಕೆಂಪು ನೋಟ್‌ಬುಕ್ಕಿನ ಬಾಕಿ ಇನ್ನೊಂದು ಸುಗ್ಗಿಗೆ ಹೋಯಿತು. ಅದಕ್ಕೇ ಹೇಳೋದು, ಮನೆಖರ್ಚಿಗೆ ಆರು ತಿಂಗಳ ದುಡ್ಡು ಬೇರೆ ಎತ್ತಿಡದೆ ಅಂಗಡಿಯ ಬಾಗಿಲು ತೆಗೀಬೇಡಿ.

ಇನ್ನೊಂದು ನೇರವಾಗಿ ಕೇಳ್ತೀನಿ. ನೀವೇ ಕೂತು ಕಾಯಿಲ್ ಸುತ್ತಿದ್ದೀರಾ? ಎಷ್ಟೋ ಫ್ಯಾಕ್ಟರಿಗಳಲ್ಲಿ ಸುಟ್ಟ ಮೋಟಾರನ್ನು ಬಿಚ್ಚಿ ಹೊರಗಿನ ವೈಂಡಿಂಗ್‌ನವರಿಗೆ ಕಳಿಸ್ತಾರೆ, ವಾಪಸ್ ಬಂದಮೇಲೆ ಕೂರಿಸ್ತಾರೆ. ನಿಮ್ಮದೂ ಅದೇ ಆಗಿದ್ದರೆ ಕಲಿಯೋದು ಬಾಕಿ ಇದೆ. ಹಳೇ ಕಾಯಿಲ್ ಕಿತ್ತು ಹಾಕುವ ಮುಂಚೆ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಅಂತ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ತಲೆ ಚಚ್ಚಿಕೊಳ್ಳಬೇಕು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರಿನ ಒಳಗೆ ಸಾಮಾನ್ಯವಾಗಿ ನೀರೇ ತುಂಬಿರುತ್ತೆ, ಅದಕ್ಕೆ ಹಾಕೋದು ಪ್ಲಾಸ್ಟಿಕ್ ಹೊದಿಕೆಯ ತಂತಿ. ನೆಲದ ಮೇಲಿಡುವ ಮೋಟಾರಿನ ಹಾಗೆ ವಾರ್ನಿಷ್ ಹಚ್ಚಿ ಒಣಗಿಸೋ ಕೆಲಸ ಅಲ್ಲ ಅದು. ವಾರದ ರಜೆಯ ದಿನ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಒಂದು ಅಂಗಡಿಯಲ್ಲಿ ಹೋಗಿ ಕೂತುಕೊಳ್ಳಿ. ಕೂಲಿ ಕೇಳಬೇಡಿ. ಒಂದು ಸುಗ್ಗಿ ಪೂರ್ತಿ ನೋಡಿ, ಕೈ ಪಳಗುತ್ತೆ, ಉದ್ರಿ ಹೇಗೆ ವಸೂಲಾಗುತ್ತೆ ಅನ್ನೋದೂ ತಿಳಿಯುತ್ತೆ. ಜಿಲ್ಲೆಗಳಲ್ಲಿ ಬ್ಯಾಂಕಿನವರು ನಡೆಸುವ ಆರ್‌ಸೆಟಿ ತರಬೇತಿ ಕೇಂದ್ರಗಳ ಪಟ್ಟಿಯಲ್ಲಿ ಮೋಟಾರ್ ರಿವೈಂಡಿಂಗ್ ಕೂಡ ಇದೆ. ಊಟ, ವಸತಿ ಎಲ್ಲಾ ಉಚಿತ. ಮುಂದಿನ ಬ್ಯಾಚ್ ಯಾವಾಗ ಅಂತ ವಿಚಾರಿಸಿ.

ಬಿಡುವ ದಿನ ಬಂದಾಗ ಎರಡು ವಿಷಯ ಮರೀಬೇಡಿ. 5 ವರ್ಷ ದಾಟಿದ್ದರಿಂದ ಗ್ರಾಚ್ಯುಟಿ, ಅಂದ್ರೆ ಬಿಡುವಾಗ ಕಂಪನಿ ಕೊಡುವ ಇಡುಗಂಟು, ನಿಮ್ಮ ಹಕ್ಕು: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ (ಡಿಎ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು 11ರಿಂದ ಗುಣಿಸಿ. ತಿಂಗಳಿಗೆ 14,000 ಇದ್ದರೆ ಸುಮಾರು 88,800 ರೂಪಾಯಿ ಆಗುತ್ತೆ. ಪಿಎಫ್ ಪಿಂಚಣಿಗೆ ಬೇಕಾದ 10 ವರ್ಷವೂ ಆಗಿದೆ, 58ಕ್ಕೆ ಅದು ಬರುತ್ತೆ, ಅದಕ್ಕೆ ನಿಮ್ಮ ಸೇವೆಯ ವರ್ಷಗಳ ದಾಖಲೆಯಾದ ಸ್ಕೀಮ್ ಸರ್ಟಿಫಿಕೇಟ್ ಪಿಎಫ್ ಕಚೇರಿಯಿಂದ ತೆಗೆದಿಟ್ಟುಕೊಳ್ಳಿ. ಪಿಎಫ್ ಪೂರ್ತಿ ಬಳಿದು ಅಂಗಡಿಗೆ ಸುರಿಯಬೇಡಿ, ಈ ಮಾತು ಕೈಮುಗಿದು ಹೇಳ್ತೀನಿ. ಸಾಮಾನಿಗೆ ಮುದ್ರಾ 'ಶಿಶು' ಸಾಲ 50,000ದವರೆಗೆ ಸಿಗುತ್ತೆ, ಅಡವು ಕೇಳಲ್ಲ.

ಮನೆಯವರು ಬೇಡ ಅನ್ನೋದಕ್ಕೆ ಸಿಟ್ಟಾಗಬೇಡಿ. ಅವರಿಗೆ ಕಾಣಿಸ್ತಿರೋದು 1ನೇ ತಾರೀಖು ಮಾತ್ರ. ಆರು ತಿಂಗಳ ದುಡ್ಡಿನ ಪಾಸ್‌ಬುಕ್ ಹೆಂಡತಿ ಕೈಗೆ ಕೊಟ್ಟು ಆಮೇಲೆ ಮಾತು ತೆಗೀರಿ.

ಪ್ರಶ್ನೆ: ರಾಯಚೂರಿನ ಖಾಸಗಿ ಶಾಲೆಯಲ್ಲಿ 9 ವರ್ಷದಿಂದ ಟೀಚರ್. ಓದಿದ್ದು ಬಿ.ಕಾಂ. ಹತ್ತಿ ವ್ಯಾಪಾರಿಯೊಬ್ಬರು ಲೆಕ್ಕ ಬರೆಯಲು ಕರೆಯುತ್ತಿದ್ದಾರೆ, ಸಂಬಳವೂ ಜಾಸ್ತಿ. ಕಲಿತಿದ್ದೆಲ್ಲಾ ಮರೆತಿದೆ. ಹೋಗಲಾ ಅಕ್ಕಾ?

ಉತ್ತರ: ಹೋಗು ತಂಗಿ, ಖಂಡಿತ ಹೋಗು. ಮರೆತಿದ್ದಕ್ಕೆ ಹೆದರಬೇಡ. ಆಗ ಓದಿದ ವ್ಯಾಟ್‌ನ ಜಾಗಕ್ಕೆ 2017ರ ಜುಲೈನಿಂದ ಜಿಎಸ್‌ಟಿ ಬಂದಿದೆ, ಎಲ್ಲರೂ ಹೊಸದಾಗಿ ಕಲಿತವರೇ. ಟ್ಯಾಲಿ ಕ್ಲಾಸಿಗೆ ಸಂಜೆ ಹೊತ್ತು ಸೇರಿಕೋ. ಹತ್ತಿಯಲ್ಲಿ ಒಂದು ವಿಶೇಷ ಇದೆ: ರೈತರಿಂದ ಕಚ್ಚಾ ಹತ್ತಿ ಕೊಂಡರೆ ತೆರಿಗೆ ಕಟ್ಟಬೇಕಾದವರು ನೋಂದಾಯಿತ ವ್ಯಾಪಾರಿ, ರೈತರಲ್ಲ. ಇದನ್ನು ಮೊದಲ ವಾರವೇ ಕೂತು ಅರ್ಥ ಮಾಡಿಕೋ. ಜಿಎಸ್‌ಟಿ ರಿಟರ್ನ್ ತಿಂಗಳಿಗೊಮ್ಮೆ ಸಲ್ಲಿಸೋದಾದರೆ ಮಾರಾಟದ ವಿವರಕ್ಕೆ 11, ತೆರಿಗೆ ಕಟ್ಟೋದಕ್ಕೆ 20ನೇ ತಾರೀಖು ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕು. ಶಾಲೆಯನ್ನು ಮಾತ್ರ ನಡುವೆ ಬಿಡಬೇಡ, ಮಕ್ಕಳ ಪರೀಕ್ಷೆ ಮುಗಿಸಿಕೊಟ್ಟು ಬರ್ತೀನಿ ಅಂತ ಆ ವ್ಯಾಪಾರಿಗೆ ಈಗಲೇ ಹೇಳಿಬಿಡು.