ಕಾರ್ಬನ್ ರಿಮ್ಮಿನ ಅಂಚು ಸೀಳಿದೆ: ಎಪಾಕ್ಸಿ ತುಂಬಿಸಲೇ, ಹೊಸದು ಹಾಕಿಸಲೇ?

ಬೇಲೂರಿನಿಂದ ಚಿಕ್ಕಮಗಳೂರಿಗೆ ಹಿಂದಿರುಗುವಾಗ ನಿಮ್ಮ ಸೈಕಲ್ಲಿನ ಮುಂದಿನ ಚಕ್ರ ಗುಂಡಿಗೆ ಬಿದ್ದಿತೆಂದೂ, ಟೈರು ಕೂರುವ ಅಂಚಿನಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದದ ಗೆರೆ ಮೂಡಿ ಅಲ್ಲಿಂದ ಸೀಲೆಂಟ್ (ತೂತು ಮುಚ್ಚಲೆಂದು ಟೈರಿನೊಳಗೆ ಹಾಕುವ ದ್ರವ) ಜಿನುಗುತ್ತಿದೆಯೆಂದೂ, ಆದರೂ ಚಕ್ರ ಓಲಾಡದೆ ನೇರವಾಗಿಯೇ ತಿರುಗುತ್ತಿರುವುದರಿಂದ ಅಂಗಡಿಯವರು ಎಪಾಕ್ಸಿ ಅಂಟು ತುಂಬಿಕೊಡಲು ಒಪ್ಪಿದ್ದಾರೆಂದೂ ಬರೆದಿದ್ದೀರಿ. ಡಿಸ್ಕ್ ಬ್ರೇಕ್, ಟ್ಯೂಬ್‌ಲೆಸ್ ಟೈರು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈ ರಿಮ್ಮಿಗೆ ದುರಸ್ತಿ ಬೇಡ. ಚಕ್ರದ ನಡುವೆ ಅಚ್ಚಿನ ಸುತ್ತ ತಿರುಗುವ ಹಬ್ಬನ್ನು ಉಳಿಸಿಕೊಂಡು ರಿಮ್ ಬದಲಿಸಿ. ಬಿರುಕಿನ ಉದ್ದವನ್ನು ನೋಡಿ ನಾನು ಹೀಗೆ ಹೇಳುತ್ತಿಲ್ಲ, ಅದು ಇರುವ ಜಾಗವನ್ನು ನೋಡಿ ಹೇಳುತ್ತಿದ್ದೇನೆ.

ಮೊದಲಿಗೆ, ಚಕ್ರ ನೇರವಾಗಿ ತಿರುಗುತ್ತಿದೆ ಎಂಬ ಸಮಾಧಾನವನ್ನು ಬಿಟ್ಟುಬಿಡಿ. ಅಲ್ಯೂಮಿನಿಯಂ ರಿಮ್ ಪೆಟ್ಟು ತಿಂದರೆ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ನಾರಿನ ಪದರಗಳನ್ನು ಅಂಟಿನಿಂದ ಬೆಸೆದು ಮಾಡಿದ ಕಾರ್ಬನ್ನಿಗೆ ಆ ಗುಣವಿಲ್ಲ. ತಡೆದುಕೊಳ್ಳುವಷ್ಟು ತಡೆದುಕೊಂಡು ನಂತರ ಒಮ್ಮೆಲೇ ಮುರಿಯುತ್ತದೆ. ಅದಕ್ಕೂ ಮೊದಲು ಒಳಗಿನ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿದ್ದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರಬಹುದು.

ಇದನ್ನು ನಾನು ನನ್ನ ಸೈಕಲ್ಲಿನ ಹಿಂಬದಿಯ ಚಕ್ರದಿಂದ ಕಲಿತೆ. ಅತ್ತಿಗುಂಡಿಯಿಂದ ಕೈಮರದ ಕಡೆಗೆ ಇಳಿಯುವಾಗ ಕಲ್ಲೊಂದು ರಿಮ್ಮಿನ ಪಕ್ಕಕ್ಕೆ ಬಡಿದಿತ್ತು. ಬರೀ ಗೀರು ಎಂದುಕೊಂಡು ಸುಮ್ಮನಾದೆ. ಎರಡು ವಾರಗಳ ಬಳಿಕ ಅಂಗಳದಲ್ಲಿ ಸೈಕಲ್ ತೊಳೆದು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದಾಗ, ಬಟ್ಟೆಯ ಎಳೆಯೊಂದು ಆ ಗೀರಿಗೆ ಸಿಕ್ಕಿಕೊಂಡು ಹಿಂದಕ್ಕೆ ಎಳೆಯಿತು. ಬಣ್ಣದ ಗೀರು ನೂಲನ್ನು ಹಿಡಿಯುವುದಿಲ್ಲ, ತುಂಡಾದ ಕಾರ್ಬನ್ ಎಳೆ ಹಿಡಿಯುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೆಯೇ ಒಂದು ನಾಣ್ಯದ ಅಂಚಿನಿಂದ ರಿಮ್ಮನ್ನು ಸುತ್ತಲೂ ತಟ್ಟುತ್ತಾ ಹೋದೆ. ಎಲ್ಲೆಡೆ ಗಟ್ಟಿಯಾದ, ಚೂಪಾದ ಸದ್ದು. ಗೀರಿನ ಸುತ್ತ ಮಾತ್ರ ಒದ್ದೆ ರಟ್ಟನ್ನು ತಟ್ಟಿದಂಥ ಮಂಕು ಸದ್ದು. ಆಗ ನಾನೂ ನಿಮ್ಮಂತೆಯೇ ದುರಸ್ತಿಯ ದಾರಿ ಹಿಡಿದೆ. ಕೆಲಸ ಮಾಡಿಕೊಟ್ಟವರು ಹೊರಗಿನಿಂದ ತುಂಬಿ, ಉಜ್ಜಿ, ಬಣ್ಣ ಹಚ್ಚಿ ಗುರುತೇ ಸಿಗದಂತೆ ಮಾಡಿಕೊಟ್ಟರು. ನಾಲ್ಕು ತಿಂಗಳ ನಂತರ ಏರಿನಲ್ಲಿ ತುಳಿಯುವಾಗಲೆಲ್ಲ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಸ್ಪೋಕುಗಳನ್ನು ತಂತಿ ಮೀಟಿದಂತೆ ಒಂದೊಂದಾಗಿ ಮೀಟಿದರೆ, ಆ ಜಾಗದ ಎರಡು ಸ್ಪೋಕುಗಳ ಶ್ರುತಿ ಅದೇ ಬದಿಯ ಉಳಿದವುಗಳಿಗಿಂತ ಇಳಿದಿತ್ತು. ಟೈರು ತೆಗೆದು ರಿಮ್ಮಿನ ಒಳತಳಕ್ಕೆ ಅಂಟಿಸಿದ್ದ ಟೇಪು ಬಿಚ್ಚಿದಾಗ, ಅಲ್ಲಿ ಎರಡು ಸ್ಪೋಕ್ ರಂಧ್ರಗಳ ನಡುವೆ ಕೂದಲೆಳೆಯಂಥ ಬಿರುಕು ಓಡಿತ್ತು. ಟೇಪು ಬಿಚ್ಚಿ ನೋಡದೆ ದುರಸ್ತಿಗೆ ಒಪ್ಪಿಕೊಂಡವರನ್ನು ನಾನು ಅಂದಿನಿಂದ ನಂಬುವುದಿಲ್ಲ.

ಹಾಗೆಂದು ಕಾರ್ಬನ್ ದುರಸ್ತಿಯೇ ಮೋಸವೆಂದಲ್ಲ. ಫ್ರೇಮಿನ ಕೊಳವೆ ಬಿರುಕು ಬಿಟ್ಟರೆ, ಕೆಟ್ಟ ಭಾಗವನ್ನು ಇಳಿಜಾರಾಗಿ ಉಜ್ಜಿ ತೆಗೆದು, ಹೊಸ ಕಾರ್ಬನ್ ಬಟ್ಟೆಯನ್ನು ಮೂಲದ ದಿಕ್ಕಿನಲ್ಲೇ ಪದರಪದರವಾಗಿ ಕೂರಿಸಿ, ಒತ್ತಡದಲ್ಲಿ ಗಟ್ಟಿಯಾಗಿಸುವ ಕುಶಲಿಗಳಿದ್ದಾರೆ. ಆಳವಾದ ರಿಮ್ಮಿನ ಪಕ್ಕದ ಗೋಡೆಯ ನಡುಭಾಗದಲ್ಲಿ, ಅದೂ ಡಿಸ್ಕ್ ಬ್ರೇಕಿನ ಹಿಂದಿನ ಚಕ್ರದಲ್ಲಿ, ಹೊರಗೂ ಒಳಗೂ ಪರೀಕ್ಷಿಸಿ ಆ ರೀತಿ ಮಾಡಿದರೆ ನಾನು ಬೇಡವೆನ್ನಲಾರೆ. ಆದರೆ ಎಳೆತವನ್ನು ಹೊರುವುದು ನಾರು. ಎಪಾಕ್ಸಿ ಆ ನಾರುಗಳನ್ನು ಹಿಡಿದಿಡುತ್ತದೆ, ಅಷ್ಟೇ. ನಾರು ತುಂಡಾದ ಕಡೆ ಬರೀ ಎಪಾಕ್ಸಿ ಸುರಿಯುವುದೆಂದರೆ, ಹರಿದ ಹಗ್ಗದ ಎರಡು ತುದಿಗಳ ನಡುವೆ ಅಂಟು ಹಚ್ಚಿ ಬಾವಿಗೆ ಕೊಡ ಇಳಿಸಿದಂತೆ.

ನಿಮ್ಮ ಬಿರುಕು ಇರುವುದು ಟೈರಿನ ಅಂಚನ್ನು ಹಿಡಿದಿಡುವ ಗೋಡೆಯಲ್ಲಿ. ಟೈರಿಗೆ ತುಂಬುವ 70 ಪಿಎಸ್‌ಐ ಗಾಳಿ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 5 ಕಿಲೋಗ್ರಾಂ ಒತ್ತಡ. ಸೈಕಲ್ ಗೋಡೆಗೆ ಒರಗಿ ನಿಂತಿರುವಾಗಲೂ ಅದು ಎರಡು ಅಂಚುಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಮೇಲಾಗಿ ಅಲ್ಲಿನ ಆಕಾರ ಕರಾರುವಾಕ್ಕಾಗಿರಬೇಕು, ಕೈಯಿಂದ ತುಂಬಿ ಉಜ್ಜಿದರೆ ಆ ನಿಖರತೆ ಬರುವುದಿಲ್ಲ. ನಿಮ್ಮದು ಅಂಚಿನಲ್ಲಿ ಟೈರನ್ನು ಹಿಡಿಯುವ ಕೊಕ್ಕೆಯಿಲ್ಲದ ರಿಮ್ ಆಗಿದ್ದರಂತೂ ಟೈರು ಕೇವಲ ಆ ಅಳತೆಯ ಬಿಗಿಯನ್ನೇ ನಂಬಿ ಕುಳಿತಿರುತ್ತದೆ. ಅಂಥ ರಿಮ್ಮಿಗೆ ಗರಿಷ್ಠ 5 ಬಾರ್, ಅಂದರೆ 72.5 ಪಿಎಸ್‌ಐ, ಎಂಬ ಮಿತಿ ಇರುವುದೂ ಇದೇ ಕಾರಣಕ್ಕೆ. ಸೀಲೆಂಟ್ ಜಿನುಗುತ್ತಿದೆ ಎಂದರೆ ಬಿರುಕು ಗೋಡೆಯನ್ನು ಪೂರ್ತಿಯಾಗಿ ದಾಟಿದೆ ಎಂದೇ ತಿಳಿಯಿರಿ. ಪರೀಕ್ಷೆಗೆಂದು ಕೂಡ ಇನ್ನು ಗಾಳಿ ತುಂಬಬೇಡಿ.

ಮುಂದಿನ ಚಕ್ರ ಎಂಬುದೂ ಸಣ್ಣ ವಿಷಯವಲ್ಲ. ಹಿಂದಿನದು ಕೈಕೊಟ್ಟರೆ ಜಾರಿ ಹೇಗೋ ನಿಲ್ಲಿಸಬಹುದು, ಮುಂದಿನದು ಕೈಕೊಟ್ಟರೆ ಯೋಚಿಸಲೂ ಸಮಯ ಸಿಗುವುದಿಲ್ಲ. ನಮ್ಮದು ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದಿಂದ ಊರಿಗೆ ಬರುವಷ್ಟರಲ್ಲಿ 800 ಮೀಟರಿನಷ್ಟು ಇಳಿಯುವ ಪ್ರದೇಶ. (ರಿಮ್ಮನ್ನೇ ಒತ್ತಿ ನಿಲ್ಲಿಸುವ ರಿಮ್ ಬ್ರೇಕ್ ಇರುವವರು ಇದನ್ನು ಓದುತ್ತಿದ್ದರೆ: ಸವಾರ ಮತ್ತು ಸೈಕಲ್ ಸೇರಿ 85 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಆ ಇಳಿತದ ಶಕ್ತಿ ಸುಮಾರು 2 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟಿದೆ. ಒಂದು ಭಾಗವನ್ನು ಗಾಳಿ ನುಂಗಿದರೂ ಉಳಿದದ್ದು ರಿಮ್ಮಿನ ಮೇಲೆ ಬ್ರೇಕ್ ಒತ್ತುವ ಪಟ್ಟಿಯ ರೆಸಿನ್ನನ್ನೇ, ಅಂದರೆ ನಾರುಗಳನ್ನು ಹಿಡಿದಿಡುವ ಅಂಟನ್ನೇ, ಮೆತ್ತಗಾಗಿಸಬಲ್ಲದು. ಅಂಥ ಪಟ್ಟಿ ಉಬ್ಬಿದ್ದರೆ ದುರಸ್ತಿಯ ಮಾತೇ ಇಲ್ಲ.)

ಇನ್ನು ಬದಲಿಸುವ ಬಗೆ. ಯಾರಾದರೂ ಅದಕ್ಕೆ ಉಪ್ಪುಕಾಗದ ಮುಟ್ಟಿಸುವ ಮೊದಲು ಬಿಲ್ಲು ಹುಡುಕಿ ತಯಾರಕರಿಗೆ ಬರೆಯಿರಿ. ಅಪಘಾತದಲ್ಲಿ ಮುರಿದ ರಿಮ್ಮಿಗೆ ಮೊದಲ ಖರೀದಿದಾರರಿಗೆ ರಿಯಾಯಿತಿ ದರದಲ್ಲಿ, ಕೆಲವೊಮ್ಮೆ ಉಚಿತವಾಗಿಯೇ ಬದಲಿ ಕೊಡುವ ಕಂಪನಿಗಳು ಹಲವಿವೆ. ದುರಸ್ತಿಗೆ ಕೈಹಾಕಿದ ರಿಮ್ಮಿಗೆ ಆ ಸೌಲಭ್ಯ ಸಿಗುವುದು ಕಷ್ಟ. ಸಿಗದಿದ್ದರೆ, ಹಬ್ಬಿನಲ್ಲಿರುವಷ್ಟೇ ಸ್ಪೋಕ್ ರಂಧ್ರಗಳಿರುವ ಬೇರೆ ರಿಮ್ ತರಿಸಿ. ಸ್ಪೋಕಿನ ಉದ್ದವನ್ನು ನಿರ್ಧರಿಸುವ ರಿಮ್ಮಿನ ಒಳವ್ಯಾಸ ಹಳೆಯದಕ್ಕಿಂತ 4 ಮಿಲಿಮೀಟರ್ ಬೇರೆಯಾದರೆ ಸ್ಪೋಕಿನಲ್ಲಿ ಸುಮಾರು 2 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಅಷ್ಟಾದರೆ ಸ್ಪೋಕುಗಳನ್ನೂ ಹೊಸದಾಗಿ ಹಾಕಿಸುವುದು ಮೇಲು. ಸ್ಪೋಕನ್ನು ರಿಮ್ಮಿಗೆ ಬಿಗಿಸುವ ನಿಪ್ಪಲ್ ಮಾತ್ರ ಹಿತ್ತಾಳೆಯದೇ ಇರಲಿ, ಏಕೆಂದರೆ ಮಲೆನಾಡಿನ ಮಳೆಯಲ್ಲಿ ಕಾರ್ಬನ್ನಿನ ಸಹವಾಸಕ್ಕೆ ಬಿದ್ದ ಅಲ್ಯೂಮಿನಿಯಂ ನಿಪ್ಪಲ್ ತುಕ್ಕು ತಿಂದು ಬಿಳಿ ಪುಡಿಯಾಗುತ್ತದೆ. ನಾನಂತೂ ಕೊನೆಗೆ ಹಿಂದಿನ ಚಕ್ರಕ್ಕೆ ಅಲ್ಯೂಮಿನಿಯಂ ರಿಮ್ ಕಟ್ಟಿಸಿಕೊಂಡೆ. ನಮ್ಮ ರಸ್ತೆಗೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಫ್ರೇಮಿನಲ್ಲಿ ಜಾಗವಿದ್ದರೆ 30 ಅಥವಾ 32 ಮಿಲಿಮೀಟರ್ ಟೈರು ಹಾಕಿ. ಗುಂಡಿಯಲ್ಲಿ ಟೈರು ಪೂರ್ತಿ ಕುಸಿದು ಅಂಚೇ ಕಲ್ಲಿಗೆ ಬಡಿದದ್ದರಿಂದ ತಾನೆ ನಿಮಗೆ ಈ ಪಾಡು ಬಂದದ್ದು.

ಹಳೆಯ ರಿಮ್ಮನ್ನು ಹಾಗೆಯೇ ಗುಜರಿಗೆ ಕೊಡಬೇಡಿ. ಅದಕ್ಕೂ ಬಣ್ಣ ಹಚ್ಚಿ ಯಾರಿಗಾದರೂ ಮಾರುವವರಿದ್ದಾರೆ. ಮೂಗಿಗೆ ಮಾಸ್ಕ್ ಕಟ್ಟಿ, ಪುಡಿ ಹಾರದಂತೆ ನೀರು ಹನಿಸುತ್ತಾ ಗರಗಸದಿಂದ ಎರಡು ತುಂಡು ಮಾಡಿಯೇ ಕೊಡಿ. ಉದ್ದ ತೋಳಿನ ಅಂಗಿಯನ್ನೂ ತೊಡಿ. ಆ ಪುಡಿ ಚರ್ಮಕ್ಕೆ ತಾಗಿದರೆ ಸಂಜೆಯವರೆಗೂ ತುರಿಸುತ್ತದೆ.